ಇಗರ್ಜಿಯ ಹಿಂಬದಿಯ ಕೋಣೆ ನಮ್ಮ ಸಂಘಗಳಿಗೆ ಕಲಿಸುವ ಪಾಠ

ನಾನು ವಾಸವಾಗಿರುವ ಮುಂಬಯಿಯ ಉಪನಗರದಲ್ಲಿ ಒಂದು ಹಳೆಯ ಇಗರ್ಜಿಯಿದೆ. ಇಪ್ಪತ್ತೈದು ವರ್ಷಗಳಿಂದ ಅದರ ಎದುರಿನಿಂದಲೇ ರೈಲು ನಿಲ್ದಾಣಕ್ಕೆ ಹೋಗಿ ಬರುತ್ತಿದ್ದೇನೆ. ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಎಂಟರ ಸುಮಾರಿಗೆ ಅದರ ಹಿಂಬದಿಯ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಇಪ್ಪತ್ತು ಮೂವತ್ತು ಮಂದಿ ಕುಳಿತಿರುತ್ತಾರೆ. ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಕ್ರೈಸ್ತ ಬಾಂಧವರು ಹಾಡಿನ ಅಭ್ಯಾಸಕ್ಕೋ ಬೈಬಲ್ ಓದುವುದಕ್ಕೋ ಸೇರುತ್ತಾರೆ ಎಂದೇ ನಾನು ತಿಳಿದಿದ್ದೆ. ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ಕೆಲವು ತಿಂಗಳ ಹಿಂದೆ ನಮ್ಮ ಕುಂದಾಪುರದ ಕಡೆಯವರೊಬ್ಬರು ಮನೆಗೆ ಬಂದರು. ವಯಸ್ಸು ಐವತ್ತು ದಾಟಿದೆ. ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುವವರು. ಒಂದು ಕಾಲದಲ್ಲಿ ಅವರ ಕುಡಿತ ನಮ್ಮ ವಲಯದಲ್ಲೆಲ್ಲ ಹೆಸರುವಾಸಿಯಾಗಿತ್ತು. ಈಗ ಬಿಟ್ಟಿದ್ದಾರೆ ಎಂದಷ್ಟೇ ಕೇಳಿದ್ದೆ. "ಶುಕ್ರವಾರ ನನ್ನ ಆರನೇ ಹುಟ್ಟುಹಬ್ಬ, ನೀವು ಬರಬೇಕು" ಎಂದರು. ತಮಾಷೆ ಇರಬಹುದೆಂದು ನಕ್ಕೆ. ಅವರು ನಗಲಿಲ್ಲ. ಕೊನೆಯ ಗ್ಲಾಸು ಕೆಳಗಿಟ್ಟ ದಿನದಿಂದ ಅವರ ವಯಸ್ಸಿನ ಲೆಕ್ಕ. ಎಲ್ಲಿ ಎಂದು ಕೇಳಿದರೆ, "ನಿಮ್ಮ ಮನೆ ಹತ್ತಿರದ ಇಗರ್ಜಿಯ ಹಿಂದೆ" ಎಂದರು.

ಅಂದು ರಾತ್ರಿ ಆ ಕೋಣೆಯಲ್ಲಿ ಕಂಡದ್ದನ್ನು ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಹೋಟೆಲು ಬರೆಯಬಾರದು ಎಂಬುದು ಅವರ ಷರತ್ತು ಮಾತ್ರವಲ್ಲ, ಆ ಕೋಣೆಯ ನಿಯಮವೂ ಹೌದು. ನಮ್ಮ ಸಂಘ ಸಂಸ್ಥೆಗಳ ಪದಾಧಿಕಾರಿಗಳೂ ಸದಸ್ಯರೂ ಈ ಬರಹವನ್ನು ಓದಬೇಕೆಂಬುದು ನನ್ನ ಆಸೆ. ಯಾಕೆಂದರೆ ನಾನೂ ಒಂದು ಕಾಲಕ್ಕೆ ಅಂಥ ಪದಾಧಿಕಾರಿಯಾಗಿದ್ದವನೇ.

ಒಂದು ತಪ್ಪೊಪ್ಪಿಗೆ

ಹಲವು ವರ್ಷಗಳ ಹಿಂದೆ ನಮ್ಮ ಸಮಾಜದ ಸಂಘದ ಸ್ಥಳೀಯ ಶಾಖೆಗೆ ನಾನು ಕಾರ್ಯದರ್ಶಿಯಾಗಿದ್ದೆ. ಹೋಟೆಲಿನಲ್ಲಿ ವೇಟರ್ ಆಗಿದ್ದ ಯುವಕನೊಬ್ಬ ಕುಡಿತದಿಂದ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದಿದ್ದ. ಮೋರಿ ಕೆಲಸದಿಂದ ಆರಂಭಿಸಿ ರಾತ್ರಿ ಶಾಲೆಯಲ್ಲಿ ಓದಿದ ಹುಡುಗ. ಯಕ್ಷಗಾನದ ಪದ್ಯ ಅವನ ಬಾಯಲ್ಲಿ ಸಲೀಸು. ನಾವು ನಾಲ್ಕು ಮಂದಿ ಸೇರಿ ಅವನನ್ನು ಸಂಘದ ಕಚೇರಿಗೆ ಕರೆಸಿದೆವು. ಬುದ್ಧಿ ಹೇಳಿದೆವು, ಗದರಿಸಿದೆವು. ದೇವರ ಫೋಟೋದ ಮುಂದೆ ನಿಲ್ಲಿಸಿ ಇನ್ನು ಕುಡಿಯುವುದಿಲ್ಲ ಎಂದು ಆಣೆ ಹಾಕಿಸಿದೆವು. ಊರಿಗೆ ಹೋದರೆ ಸರಿಯಾಗುತ್ತಾನೆ ಎಂದು ಎಲ್ಲರಿಗೂ ಅನಿಸಿತು. ಹಣ ಒಟ್ಟುಮಾಡಿ ಮರುದಿನ ಸಂಜೆಯ ಬಸ್ಸಿಗೆ ಹತ್ತಿಸಿದೆವು. ಅವನು ಕಿಟಕಿಯಿಂದ ಕೈಮುಗಿದ. ಕೈ ನಡುಗುತ್ತಿತ್ತು. ನಾಚಿಕೆಯಿಂದ ನಡುಗುತ್ತಿದ್ದಾನೆ ಎಂದು ನಾನು ಭಾವಿಸಿದೆ.

ಹುಡುಗ ಮಾತಿಗೆ ತಪ್ಪಲಿಲ್ಲ. ದಾರಿಯಲ್ಲಿ ಒಂದು ಹನಿ ಕುಡಿಯಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಅಂಕೋಲೆ ದಾಟುವ ಹೊತ್ತಿಗೆ ಅವನಿಗೆ ಫಿಟ್ಸ್ ಬಂತು. ಆಸ್ಪತ್ರೆಗೆ ಸೇರಿಸಿದರೂ ಮೂರನೇ ದಿನ ತೀರಿಕೊಂಡ. ನಾವು ಸಂತಾಪ ಸಭೆ ನಡೆಸಿದೆವು. ಒಂದು ನಿಮಿಷ ಮೌನವಾಗಿ ನಿಂತೆವು. "ಎಷ್ಟು ಹೇಳಿದರೂ ಕೇಳಲಿಲ್ಲ" ಎಂದು ಒಬ್ಬರು ಭಾಷಣ ಮಾಡಿದರು. ನಾನೂ ತಲೆಯಾಡಿಸಿದೆ.

ವರ್ಷಗಳ ಅನಂತರ ವೈದ್ಯರೊಬ್ಬರು ನನಗೆ ವಿಷಯ ಬಿಡಿಸಿ ಹೇಳಿದರು. ವರ್ಷಗಟ್ಟಲೆ ದಿನವೂ ಮಿತಿಮೀರಿ ಕುಡಿದ ದೇಹ ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅದನ್ನು ಒಮ್ಮೆಲೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಮತಿಭ್ರಮಣೆ, ಜ್ವರ, ಮೈನಡುಕ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಅದಕ್ಕೆ ಔಷಧವಿದೆ. ಆ ಕೆಲವು ದಿನಗಳನ್ನು ವೈದ್ಯರ ನಿಗಾದಲ್ಲಿ ದಾಟಿಸಿದರೆ ಹೆಚ್ಚಿನವರು ಪಾರಾಗುತ್ತಾರೆ. ಅಂದರೆ ಆ ಹುಡುಗ ನಮ್ಮ ಮಾತು ಕೇಳದೆ ಸತ್ತದ್ದಲ್ಲ, ಕೇಳಿದ್ದರಿಂದಲೇ ಸತ್ತ ಎಂದು ಹೇಳಿದರೆ ತಪ್ಪಾಗದು. ನಾವು ಕೆಟ್ಟವರಾಗಿರಲಿಲ್ಲ, ನಮಗೆ ತಿಳಿದಿರಲಿಲ್ಲ. ಆದರೆ ತಿಳಿದುಕೊಳ್ಳುವ ಪ್ರಯತ್ನವನ್ನೂ ಮಾಡಿರಲಿಲ್ಲ.

ಇಗರ್ಜಿಯ ಹಿಂಬದಿಯ ಕೋಣೆಯಲ್ಲಿ ಕುಳಿತಿದ್ದಾಗ ನನಗೆ ಪದೇಪದೇ ನೆನಪಾದವನು ಅವನೇ. ಅವನನ್ನು ಬಸ್ಸಿಗೆ ಹತ್ತಿಸಿದ ಸಂಜೆ ಶುಕ್ರವಾರವಾಗಿತ್ತು. ಆ ಕೋಣೆಯಲ್ಲಿ ಅಂದೂ ದೀಪ ಉರಿಯುತ್ತಿದ್ದಿರಬೇಕು.

ಕೋಣೆ ಬಂದ ದಾರಿ

ಆ ಕೋಣೆಯಲ್ಲಿ ಸೇರುವುದು ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗ. ಅನಾಮಧೇಯ ಮದ್ಯವ್ಯಸನಿಗಳ ಕೂಟ ಎನ್ನಬಹುದು. ಇದರ ಹುಟ್ಟಿನ ಕಥೆಯಲ್ಲಿ ಒಂದು ಹೋಟೆಲೂ ಒಂದು ಇಗರ್ಜಿಯೂ ಇರುವುದರಿಂದ ಹೋಟೆಲಿನವರಾದ ನಮಗೆ ಅದು ಬೇಗ ಅರ್ಥವಾಗುತ್ತದೆ.

1935ರ ಮೇ ತಿಂಗಳು. ಅಮೆರಿಕದ ಆಕ್ರನ್ ಎಂಬ ಊರಿಗೆ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು ಬಂದಿದ್ದರು. ಕುಡಿತ ಬಿಟ್ಟು ಕೆಲವು ತಿಂಗಳಷ್ಟೇ ಆಗಿತ್ತು. ಬಂದ ಕೆಲಸ ಕೆಟ್ಟಿತು, ಕೈಯಲ್ಲಿ ಕಾಸಿಲ್ಲ. ಹೋಟೆಲಿನ ಹಜಾರದಲ್ಲಿ ನಿಂತರೆ ಒಂದು ಕಡೆ ಬಾರ್ ಕರೆಯುತ್ತಿದೆ, ಇನ್ನೊಂದು ಕಡೆ ಟೆಲಿಫೋನ್ ಮತ್ತು ಊರಿನ ಇಗರ್ಜಿಗಳ ಪಟ್ಟಿ. ಅವರು ಬಾರಿಗೆ ಹೋಗದೆ ಪಟ್ಟಿಯಲ್ಲಿದ್ದ ಧರ್ಮಗುರುವೊಬ್ಬರಿಗೆ ಫೋನ್ ಮಾಡಿದರು. ಕುಡಿತದ ಸಂಕಟದಲ್ಲಿರುವ ಇನ್ನೊಬ್ಬರ ಜೊತೆ ಮಾತಾಡಿದರೆ ತಾನು ಉಳಿದೇನು ಎಂಬುದು ಅವರಿಗೆ ಅನುಭವದಿಂದ ಗೊತ್ತಾಗಿತ್ತು. ಆ ಫೋನಿನ ಎಳೆ ಹಿಡಿದು ಹೋದಾಗ ಅವರಿಗೆ ಸಿಕ್ಕಿದವರು ಕುಡಿತಕ್ಕೆ ದಾಸರಾಗಿದ್ದ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಇಬ್ಬರೂ ಮಾತಾಡಿದರು. ಅದೇ ವರ್ಷ ಜೂನ್ 10ರಂದು ಡಾ. ಬಾಬ್ ಕೊನೆಯ ಸಲ ಕುಡಿದರು. ಆ ದಿನವನ್ನೇ ಈ ಬಳಗದ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಆರಂಭದಲ್ಲಿ ಅವರು ಒಂದು ಕ್ರೈಸ್ತ ಪ್ರಾರ್ಥನಾ ಬಳಗದ ಜೊತೆಗಿದ್ದರು. ಮುಂದೆ ಎಲ್ಲ ಮತದವರಿಗೂ ಮತವನ್ನೇ ಒಪ್ಪದವರಿಗೂ ಜಾಗವಿರಬೇಕೆಂದು ಬೇರೆಯಾದರು. 1939ರಲ್ಲಿ ಹನ್ನೆರಡು ಮೆಟ್ಟಿಲುಗಳ ತಮ್ಮ ಮಾರ್ಗವನ್ನು ಪುಸ್ತಕವಾಗಿ ಪ್ರಕಟಿಸಿದರು.

ಭಾರತದಲ್ಲಿ ಈ ಬಳಗ ಮೊದಲು ಕಾಲೂರಿದ್ದು ನಮ್ಮ ಮುಂಬಯಿಯಲ್ಲೇ, 1957ರಲ್ಲಿ. ಸದಸ್ಯತ್ವ ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಹೊರಗಿನವರ ದೇಣಿಗೆ ಸ್ವೀಕರಿಸುವುದಿಲ್ಲ. ತಮ್ಮತಮ್ಮಲ್ಲೇ ಡಬ್ಬಿ ತಿರುಗಿಸಿ, ಕೂಡಿದ ಹಣದಿಂದ ಚಹಾ ಖರ್ಚು ಮತ್ತು ಕೋಣೆಯ ಬಾಡಿಗೆ ಎಂದು ಅಲ್ಪಸ್ವಲ್ಪ ಕೊಡುತ್ತಾರೆ. ಇಗರ್ಜಿಯೂ ಅದನ್ನು ದಾನದ ಗರ್ವವಿಲ್ಲದೆ ತೆಗೆದುಕೊಳ್ಳುತ್ತದೆ.

ಕೋಣೆ ಕೊಡುವುದರಿಂದ ಮುಂದೆ ಹೋದ ಇಗರ್ಜಿಯೂ ಈ ನಗರದಲ್ಲಿದೆ. ಬಾಂದ್ರಾದ ಮೌಂಟ್ ಕಾರ್ಮೆಲ್ ಇಗರ್ಜಿಯ ಆವರಣದಲ್ಲಿ 1981ರಲ್ಲಿ ಫಾದರ್ ಜೋ ಪಿರೇರಾ ಅವರು ಕೃಪಾ ಫೌಂಡೇಶನನ್ನು ಆರಂಭಿಸಿದರು. ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನಿಗಳನ್ನು ಅಲ್ಲೇ ಇರಿಸಿಕೊಂಡು ನೋಡಿಕೊಳ್ಳುವ ಕೆಲಸ ಅದು. ಮುಂದೆ ವಸಾಯಿ, ಗೋವಾ, ಈಶಾನ್ಯ ರಾಜ್ಯಗಳವರೆಗೂ ಹಬ್ಬಿತು. ಎಚ್‌ಐವಿ ಪೀಡಿತರ ಸೇವೆಯೂ ಅದಕ್ಕೆ ಸೇರಿತು. ಫಾದರ್ ಅವರಿಗೆ 2009ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಇಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ವಿಷಯವಿದೆ. ಕೃಪಾದಲ್ಲಿ ಹನ್ನೆರಡು ಮೆಟ್ಟಿಲುಗಳ ಜೊತೆಗೆ ನಡೆಯುವುದು ಯೋಗಾಭ್ಯಾಸ, ಅದೂ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯ ಯೋಗ. ಫಾದರ್ ಜೋ ಅವರು ಅಯ್ಯಂಗಾರರ ಶಿಷ್ಯರು. ಅಯ್ಯಂಗಾರರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಕಾಯಿಲೆಗಳಿಂದ ಸೊರಗಿದವರು, ಮೈಸೂರಿನಲ್ಲಿ ಯೋಗ ಕಲಿತು ಚೇತರಿಸಿಕೊಂಡು 1937ರಲ್ಲಿ ಪುಣೆಗೆ ವಲಸೆ ಬಂದವರು. ಅವರೂ ನಮ್ಮಂತೆಯೇ ಹೊರನಾಡ ಕನ್ನಡಿಗರು. ಕೋಲಾರದ ಹಳ್ಳಿಯ ಬಾಲಕ ಮೈಸೂರಿನಲ್ಲಿ ಕಲಿತ ವಿದ್ಯೆ ಪುಣೆಯ ಮೂಲಕ ಬಾಂದ್ರಾದ ಇಗರ್ಜಿಗೆ ಬಂದು, ಯಾವ ಯಾವುದೋ ಮತದ, ಭಾಷೆಯ ವ್ಯಸನಿಗಳ ನಡುಗುವ ಕೈಗಳನ್ನು ನಿಲ್ಲಿಸಿತು. ಧರ್ಮಗುರುವಿಗೆ ಆಸನ ಮಾಡಲು ಸಂಕೋಚವಾಗಲಿಲ್ಲ. ಅಯ್ಯಂಗಾರರಿಗೆ ಪಾದ್ರಿಯೊಬ್ಬರಿಗೆ ಕಲಿಸಲು ಹಿಂಜರಿಕೆ ಇರಲಿಲ್ಲ.

"ಜಾತಿ ಕೆಡ್ತ್ ಅಂತ ಹೇಳ್ತ್ರ್"

ಆದರೆ ನಮ್ಮವರಿಗೆ ಹಿಂಜರಿಕೆ ಇದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಲೇಖನಕ್ಕೆ ಅರ್ಥವಿಲ್ಲ. ಇಗರ್ಜಿ ಎಂದೊಡನೆ ಮತಾಂತರದ ಮಾತು ಬರುತ್ತದೆ. ನಮ್ಮ ಈ ಗೆಳೆಯರ ಪತ್ನಿಗೂ ಸಂಬಂಧಿಕರು ಅದನ್ನೇ ಹೇಳಿ ಹೆದರಿಸಿದ್ದರಂತೆ. ಅವರು ನನಗೆ ಹೇಳಿದ ಮಾತು ಹೀಗಿತ್ತು: "ಇಗರ್ಜಿಗ್ ಹೋದ್ರೆ ಜಾತಿ ಕೆಡ್ತ್ ಅಂತ ಹೇಳ್ತ್ರ್ ಅಣ್ಣ. ಕುಡ್ದ್ ಗಟಾರದಗೆ ಬಿದ್ಕಂಡಾಗ ಕೆಡದ್ ಜಾತಿ ಕುಡಿ ಬಿಟ್ ಮೇಲ್ ಕೆಡತ್ತಾ?"

ಆರು ವರ್ಷಗಳಿಂದ ಆ ಕೋಣೆಗೆ ಹೋಗುತ್ತಿರುವ ಅವರ ಪತಿ ಇಂದಿಗೂ ಬೆಳಿಗ್ಗೆ ಮನೆದೇವರಿಗೆ ದೀಪ ಹಚ್ಚಿಯೇ ಕೆಲಸಕ್ಕೆ ಹೊರಡುತ್ತಾರೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ ದೈವದ ಕೋಲದಲ್ಲಿ ಭಾಗವಹಿಸುತ್ತಾರೆ. ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುವುದು ನಿಜ. ಆದರೆ ಯಾವ ದೇವರು ಎಂದು ಅಲ್ಲಿ ಹೇಳಿಲ್ಲ. ಅವರವರಿಗೆ ತಿಳಿದ ದೇವರು, ತನಗಿಂತ ಹಿರಿದಾದ ಒಂದು ಶಕ್ತಿ, ಅಷ್ಟೇ. ದೇವರನ್ನು ನಂಬದವರಿಗೆ ಆ ಕೂಟವೇ ಆ ಶಕ್ತಿ. ನಾನಿದ್ದ ರಾತ್ರಿ ಅಲ್ಲಿ ಒಬ್ಬ ಮುಸ್ಲಿಂ ಟ್ಯಾಕ್ಸಿ ಚಾಲಕರಿದ್ದರು, ಒಬ್ಬ ಗುಜರಾತಿ ವ್ಯಾಪಾರಿ, ಬ್ಯಾಂಕಿನಿಂದ ನಿವೃತ್ತರಾದ ಮಹಿಳೆ, ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ನಾಲ್ಕೈದು ಮಂದಿ. ಇಗರ್ಜಿಯ ಧರ್ಮಗುರುಗಳು ಅತ್ತ ಸುಳಿಯಲೂ ಇಲ್ಲ. ಕೋಣೆಯ ಕೀಲಿ ಆ ಬಳಗದವರ ಕೈಯಲ್ಲೇ ಇರುತ್ತದಂತೆ.

ನನ್ನನ್ನು ಚಕಿತಗೊಳಿಸಿದ್ದು ಇದೇ. ಆ ಇಗರ್ಜಿ ಲೆಕ್ಕ ಕೇಳುವುದಿಲ್ಲ. ಎಷ್ಟು ಮಂದಿ ಸುಧಾರಿಸಿದರು, ಅವರಲ್ಲಿ ನಮ್ಮವರೆಷ್ಟು ಎಂದು ಕೇಳುವುದಿಲ್ಲ. ಗೋಡೆಗೆ ದಾನಿಯ ಹೆಸರಿನ ಫಲಕವಿಲ್ಲ, ಪತ್ರಿಕೆಗೆ ಫೋಟೋ ಕಳಿಸುವುದಿಲ್ಲ. ಒಂದು ಕೋಣೆ, ಕುರ್ಚಿಗಳು, ಎರಡು ಫ್ಯಾನು, ವಾರಕ್ಕೆ ಎರಡು ರಾತ್ರಿ. ಮಳೆಗಾಲದಲ್ಲಿ ರೈಲು ನಿಂತ ದಿನವೂ, ದೀಪಾವಳಿಯ ದಿನವೂ, ಕ್ರಿಸ್‌ಮಸ್ಸಿನ ರಾತ್ರಿಯೂ ತೆರೆದಿರುತ್ತದೆ. ಹಬ್ಬದ ರಾತ್ರಿಗಳೇ ಇವರಿಗೆ ಕಷ್ಟದ ರಾತ್ರಿಗಳಂತೆ.

ಪಕ್ಕದ ಇನ್ನೊಂದು ಕೋಣೆಯಲ್ಲಿ ಮನೆಯವರು ಸೇರುತ್ತಾರೆ. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಕಟ್ಟಿದ ಅಲ್-ಅನಾನ್ ಎಂಬ ಬಳಗ ಅದು. ನಮ್ಮ ಗೆಳೆಯರ ಪತ್ನಿ ಅಲ್ಲಿ ಕಲಿತ ಮೊದಲ ಪಾಠವೆಂದರೆ ಹೋಟೆಲಿನ ಧಣಿಗೆ ಫೋನ್ ಮಾಡಿ "ಇವರಿಗೆ ಜ್ವರ" ಎಂದು ಸುಳ್ಳು ಹೇಳುವುದನ್ನು ನಿಲ್ಲಿಸುವುದು. ಎರಡನೆಯದು, ಇದು ತನ್ನ ಕಾಲ್ಗುಣದಿಂದ ಬಂದದ್ದಲ್ಲ ಎಂದು ನಂಬುವುದು. ಎರಡನೆಯದಕ್ಕೆ ಹೆಚ್ಚು ಕಾಲ ಬೇಕಾಯಿತು ಎಂದರು.

ಭಕ್ತಿ ಬೇಕು, ವೈದ್ಯರೂ ಬೇಕು

ಹಾಗೆಂದು ಇಗರ್ಜಿಯೋ ದೇವಸ್ಥಾನವೋ ದರ್ಗಾವೋ ಎಲ್ಲವನ್ನೂ ಗುಣಪಡಿಸುತ್ತದೆ ಎಂದು ಯಾರೂ ತಿಳಿಯಬಾರದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟಿನಲ್ಲಿ ನಡೆದ ದುರಂತ ನೆನಪಿರಬಹುದು. ದರ್ಗಾದ ಸನ್ನಿಧಿಯಲ್ಲಿ ಗುಣವಾಗುತ್ತದೆಂದು ಬಂದವರನ್ನು ಇರಿಸಿಕೊಂಡಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಾನಸಿಕ ರೋಗಿಗಳು ಸುಟ್ಟುಹೋದರು. ವ್ಯಸನಮುಕ್ತಿಯ ಹೆಸರಿನಲ್ಲಿ ಹೊಡೆದು ಬಡಿದು ಕೂಡಿಹಾಕುವ ಜಾಗಗಳೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ವ್ಯಾಪ್ತಿಗೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳೂ ಸೇರಿವೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಅದು ನಿಷೇಧಿಸಿದೆ. ಮನೆಯವರನ್ನು ಎಲ್ಲಿಗಾದರೂ ಸೇರಿಸುವ ಮುನ್ನ ಅಲ್ಲಿ ವೈದ್ಯರು ಇದ್ದಾರೆಯೇ, ರೋಗಿಯನ್ನು ಭೇಟಿಯಾಗಲು ಬಿಡುತ್ತಾರೆಯೇ ಎಂದು ಕೇಳುವುದು ನಮ್ಮ ಹಕ್ಕು.

ಲೋಕಲ್ ರೈಲಿನ ಡಬ್ಬಿಗಳಲ್ಲಿ, "ಕುಡಿಯುವವನಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಚೀಟಿಗಳನ್ನು ಅಂಟಿಸಿರುವುದನ್ನು ಎಲ್ಲರೂ ಕಂಡಿದ್ದೇವೆ. ನಮ್ಮ ಎಷ್ಟೋ ತಾಯಂದಿರು ಸಾರಿನಲ್ಲಿ ಗುಟ್ಟಾಗಿ ಮಾತ್ರೆ ಬೆರೆಸಿದವರಿದ್ದಾರೆ. ಮದ್ಯ ತಾಗಿದರೆ ಮೈಗಾಗದಂತೆ ಮಾಡುವ ಮಾತ್ರೆ ಇರುವುದು ಹೌದು. ಆದರೆ ಅದನ್ನು ವೈದ್ಯರು ಪರೀಕ್ಷಿಸಿ, ರೋಗಿಗೆ ತಿಳಿಸಿ, ಅವನ ಒಪ್ಪಿಗೆಯಿಂದಲೇ ಕೊಡಬೇಕು. ತಿಳಿಯದೆ ಮಾತ್ರೆ ತಿಂದವನು ಹೊರಗೆ ಹೋಗಿ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು.

ಇನ್ನು ಆ ಕೋಣೆಯಲ್ಲಿ ಕುಳಿತು ಮಾತಾಡುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂಬ ಪ್ರಶ್ನೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಈ ಕುರಿತ 27 ಅಧ್ಯಯನಗಳ ವಿಮರ್ಶೆಯನ್ನು ಪ್ರಕಟಿಸಿತು. ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಆ ಅಧ್ಯಯನಗಳಲ್ಲಿದ್ದರು. ಕುಡಿತವನ್ನು ಸಂಪೂರ್ಣ ಬಿಟ್ಟು ಹಾಗೆಯೇ ಉಳಿಯುವ ವಿಷಯದಲ್ಲಿ, ಈ ಕೂಟಗಳಿಗೆ ವ್ಯವಸ್ಥಿತವಾಗಿ ಸೇರಿಸುವ ಚಿಕಿತ್ಸೆ ಇತರ ಮಾನ್ಯ ಚಿಕಿತ್ಸೆಗಳಿಗಿಂತ ಮೇಲು ಎಂದು ಅದು ಕಂಡುಕೊಂಡಿತು. ಎಲ್ಲರಿಗೂ ಇದೇ ಹೊಂದುತ್ತದೆ ಎಂದಲ್ಲ. ಎಡವಿ ಬೀಳುವವರು ಬಹಳ. ನಮ್ಮ ಗೆಳೆಯರೂ ಈ ಆರು ವರ್ಷಗಳಿಗೆ ಮೊದಲು ಮೂರು ಸಲ ಬಿದ್ದವರೇ. ಮೂರು ಸಲವೂ ವಾಪಸು ಹೋದಾಗ ಆ ಕೋಣೆಯಲ್ಲಿ ಯಾರೂ ಆಣೆಯ ವಿಷಯ ಎತ್ತಲಿಲ್ಲ. ಕುರ್ಚಿ ತೋರಿಸಿ ಚಹಾ ಕೊಟ್ಟರು.

ವೈದ್ಯರು ಮೊದಲ ವಾರವನ್ನು ದಾಟಿಸುತ್ತಾರೆ. ಅನಂತರದ ಸಾವಿರಾರು ಸಂಜೆಗಳನ್ನು ದಾಟಿಸುವವರು ಯಾರು ಎಂಬುದೇ ಪ್ರಶ್ನೆ. ಆ ಸಂಜೆಗಳಿಗಾಗಿಯೇ ಇಗರ್ಜಿ ಬಾಗಿಲು ತೆರೆದಿಟ್ಟಿದೆ.

ನಮ್ಮ ಸಭಾಗೃಹಗಳ ಬಾಗಿಲು

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಮುಂಬಯಿ, ಠಾಣೆ, ಪುಣೆಗಳಲ್ಲಿ ತುಳು ಕನ್ನಡಿಗರ ಸಂಘಟನೆಗಳಿಗೆ ಏನು ಕಡಿಮೆ? ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘಗಳಂಥ ಹಿರಿಯ ಸಂಸ್ಥೆಗಳು, ಜಾತೀಯ ಸಂಘಟನೆಗಳು, ಅವುಗಳ ಸ್ಥಳೀಯ ಶಾಖೆಗಳು, ಭಜನಾ ಮಂಡಳಿಗಳು, ಮಹಿಳಾ ವಿಭಾಗ, ಯುವ ವಿಭಾಗ. ವಿದ್ಯಾರ್ಥಿ ವೇತನ, ವೈದ್ಯಕೀಯ ನೆರವು, ಅರಸಿನ ಕುಂಕುಮ, ಕ್ರೀಡಾಕೂಟ, ಯಕ್ಷಗಾನ, ನಾಟಕ. ಈ ಪುಟದಲ್ಲೇ ದಿನವೂ ವರದಿಗಳನ್ನು ಓದುತ್ತೇವೆ. ಇಷ್ಟೆಲ್ಲ ಸಮಾಜಮುಖಿ ಕೆಲಸಗಳ ನಡುವೆ ಕುಡಿತದಿಂದ ಹೊರಬರಲು ಒದ್ದಾಡುವವನಿಗೆ ಒಂದು ಕುರ್ಚಿ ಇಟ್ಟ ವರದಿಯನ್ನು ನಾನು ಓದಿದ ನೆನಪಿಲ್ಲ.

ಕಾರಣ ನಮಗೆಲ್ಲ ಗೊತ್ತು. ಒಂದು ಮರ್ಯಾದೆಯ ಪ್ರಶ್ನೆ. ಇನ್ನೊಂದನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು. ಈ ನಗರಗಳಲ್ಲಿ ಬಾರ್ ಎಂಡ್ ರೆಸ್ಟೋರೆಂಟ್ ನಡೆಸುವವರಲ್ಲಿ ನಮ್ಮವರು ಬಹಳ ಮಂದಿ. ಅದು ಪರವಾನಿಗೆ ಪಡೆದು, ತೆರಿಗೆ ಕಟ್ಟಿ, ಬೆವರು ಸುರಿಸಿ ಮಾಡುವ ಉದ್ಯಮ. ಅದರ ಗಳಿಕೆಯಿಂದಲೇ ನಮ್ಮ ಸಭಾಗೃಹಗಳೂ ಶಾಲೆಗಳೂ ಎದ್ದಿವೆ. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ, ಆ ಅನ್ನವನ್ನು ನಾನೂ ಉಂಡಿದ್ದೇನೆ. ಆದರೆ ಮಧ್ಯರಾತ್ರಿ ಎರಡಕ್ಕೆ ಕೆಲಸ ಮುಗಿಸಿ, ಗಿರಾಕಿ ಬಿಟ್ಟುಹೋದ ಬಾಟಲಿಯಿಂದ ಆಯಾಸ ಕಳೆದುಕೊಳ್ಳಲು ಕಲಿತ ಹದಿನೆಂಟರ ಹುಡುಗನೂ ನಮ್ಮವನೇ. ಮನೆಯಿಂದ ದೂರ, ಹೋಟೆಲಿನ ಅಟ್ಟದಲ್ಲಿ ಹತ್ತು ಮಂದಿಯ ನಡುವೆ ಮಲಗುವ ಅವನಿಗೆ ಹೇಳಿಕೊಳ್ಳಲು ಬೇರೆ ಯಾರಿದ್ದಾರೆ? ಉದ್ಯಮ ನಮ್ಮದಾದರೆ ಅದರಲ್ಲಿ ಗಾಯಗೊಂಡವರ ಹೊಣೆಯೂ ನಮ್ಮದೇ ಆಗಬೇಕು.

ಇದು ಬೆರಳೆಣಿಕೆಯ ಮಂದಿಯ ಸಮಸ್ಯೆಯಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ದೇಶದಲ್ಲಿ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ, ಅವರಲ್ಲಿ ಐದೂವರೆ ಕೋಟಿಗೂ ಹೆಚ್ಚು ಮಂದಿಗೆ ನೆರವು ಬೇಕಾಗಿದೆ ಎಂದು ಅದು ಹೇಳಿತು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮಂದಿಯಲ್ಲಿ ನಮ್ಮ ಸಂಘಗಳ ಸದಸ್ಯರು ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ಯಾರು?

ಊರಿನಲ್ಲಿ ಇದಕ್ಕೆ ಮಾದರಿಯಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ಹಳ್ಳಿಹಳ್ಳಿಗಳಲ್ಲಿ ಸಾವಿರಕ್ಕೂ ಮಿಕ್ಕಿ ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಶಿಬಿರ ಮುಗಿದ ಮೇಲೆ ಪಾನಮುಕ್ತರಾದವರು ಸೇರುತ್ತಿರಲೆಂದು ನವಜೀವನ ಸಮಿತಿಗಳನ್ನು ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಇಗರ್ಜಿ, ಧರ್ಮಸ್ಥಳ, ನಿಮ್ಹಾನ್ಸ್, ಮೂರರ ದಾರಿ ಬೇರೆಬೇರೆ. ಆದರೆ ಒಬ್ಬಂಟಿಯಾಗಿ ಬಿಡಬೇಡಿ ಎಂಬುದನ್ನು ಮೂರೂ ಹೇಳುತ್ತವೆ.

ಹಾಗಿದ್ದರೆ ಇಗರ್ಜಿಯ ಕೋಣೆ ಇರುವಾಗ ನಮ್ಮದೇ ಇನ್ನೊಂದು ಯಾಕೆ ಎಂದು ಕೇಳಬಹುದು. ನಾನೂ ಕೇಳಿದೆ. ಆ ಕೋಣೆಯಲ್ಲಿ ಮಾತುಕತೆ ನಡೆಯುವುದು ಹಿಂದಿ, ಇಂಗ್ಲಿಷಿನಲ್ಲಿ. ನಮ್ಮ ಗೆಳೆಯರು ಹೇಳಿದರು: "ನನಗೆ ಹಿಂದಿಯಲ್ಲಿ ವ್ಯಾಪಾರ ಮಾಡಲು ಬರುತ್ತದೆ. ಅಮ್ಮನ ಬಳೆ ಕದ್ದು ಮಾರಿದ್ದನ್ನು ಹಿಂದಿಯಲ್ಲಿ ಹೇಳಲು ಬರುವುದಿಲ್ಲ. ಎರಡು ವರ್ಷ ಅದನ್ನು ಹೇಳದೆ ಕೂತಿದ್ದೆ." ಮಂಗಳೂರಿನ ಕ್ರೈಸ್ತರೊಬ್ಬರು ಒಂದು ದಿನ ಹೊರಗೆ ಮೆಟ್ಟಿಲ ಮೇಲೆ ಕೂರಿಸಿ, ಕನ್ನಡದಲ್ಲೇ ಹೇಳಿ ಎಂದರಂತೆ. ಅಂದು ಹೇಳಿದರು. ಕನ್ನಡ ಉಳಿಸಿ ಬೆಳೆಸಿ ಎಂದು ಭಾಷಣ ಮಾಡುವ ನಾವು, ಕನ್ನಡದಲ್ಲಿ ಅಳಲು ಒಂದು ಜಾಗವನ್ನು ಮಾಡಿಕೊಟ್ಟಿಲ್ಲ.

ನನ್ನ ವಿನಂತಿ ದೊಡ್ಡದಲ್ಲ. ಸ್ವಂತ ಕಟ್ಟಡವುಳ್ಳ ಪ್ರತಿಯೊಂದು ಸಂಘವೂ ವಾರಕ್ಕೊಂದು ಸಂಜೆ, ಒಂದೂವರೆ ತಾಸು, ಒಂದು ಸಣ್ಣ ಕೋಣೆಯನ್ನು ಇದಕ್ಕೆ ಬಿಡಲಿ. ಮದುವೆ ಹಾಲ್ ಬೇಡ, ವೇದಿಕೆ ಬೇಡ, ದೀಪ ಬೆಳಗಿಸುವ ಕಾರ್ಯಕ್ರಮವೂ ಬೇಡ. ಈಗಾಗಲೇ ಚೇತರಿಸಿಕೊಂಡ ನಮ್ಮವರು ಇದ್ದಾರೆ, ನಡೆಸುವ ಕೆಲಸವನ್ನು ಅವರಿಗೇ ಬಿಡೋಣ. ಪದಾಧಿಕಾರಿಗಳು ಕೀಲಿ ಕೊಟ್ಟು ದೂರ ಉಳಿಯಲಿ. ಮಹಿಳಾ ವಿಭಾಗದವರು ಮನೆಯವರಿಗಾಗಿ ಪಕ್ಕದಲ್ಲಿ ಇನ್ನೊಂದು ಕೂಟಕ್ಕೆ ಅವಕಾಶ ಮಾಡಲಿ. ವೈದ್ಯಕೀಯ ನೆರವಿನ ನಿಧಿಯಿಂದ ಮದ್ಯ ಬಿಡುವ ಮೊದಲ ವಾರದ ಆಸ್ಪತ್ರೆ ಖರ್ಚಿಗೂ ನೆರವು ಸಿಗಲಿ. ಹೃದಯದ ಶಸ್ತ್ರಚಿಕಿತ್ಸೆಗೆ ಕೊಡುವ ನಾವು ಇದಕ್ಕೆ ಕೊಡದಿರಲು ಕಾರಣವಿಲ್ಲ, ಇದೂ ಕಾಯಿಲೆಯೇ. ಹೋಟೆಲ್ ಮಾಲಕರು ಚಿಕಿತ್ಸೆಗೆ ಹೋದ ನೌಕರನ ಕೆಲಸವನ್ನು ಕಾದಿರಿಸಲಿ. ನಮ್ಮ ಗೆಳೆಯರ ಧಣಿ ಹಾಗೆ ಕಾದಿರಿಸಿದರು. ಬಾರಿನಿಂದ ತೆಗೆದು ತಮ್ಮ ಶಾಕಾಹಾರಿ ಹೋಟೆಲಿನ ಗಲ್ಲಾಕ್ಕೆ ಕೂರಿಸಿದರು. ಆರು ವರ್ಷಗಳಲ್ಲಿ ಗಲ್ಲಾದ ಲೆಕ್ಕ ಒಂದು ರೂಪಾಯಿ ತಪ್ಪಿಲ್ಲವಂತೆ.

ಅಷ್ಟರವರೆಗೆ, ಈ ಪುಟವನ್ನು ಓದುತ್ತಿರುವ ಯಾವುದೋ ಮನೆಯಲ್ಲಿ ಇಂದೇ ನೆರವು ಬೇಕಿದ್ದರೆ, ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೆ ನಿಲ್ಲಿಸುವ ಮೊದಲು ವೈದ್ಯರನ್ನು ಕಾಣಲಿ. ದಯವಿಟ್ಟು ಯಾರನ್ನೂ ಆಣೆ ಹಾಕಿಸಿ ಬಸ್ಸು ಹತ್ತಿಸಬೇಡಿ.

ಆ ಶುಕ್ರವಾರ ರಾತ್ರಿ ನಮ್ಮ ಗೆಳೆಯರು ಆರು ಮೇಣದ ಬತ್ತಿಗಳ ಸಣ್ಣ ಕೇಕು ಕತ್ತರಿಸಿದರು. ಮೊದಲ ತುಂಡನ್ನು, ಅಂದೇ ಮೊದಲ ಬಾರಿಗೆ ಬಂದಿದ್ದ, ತಲೆ ಎತ್ತದೆ ಕುಳಿತಿದ್ದ ಒಬ್ಬ ಹುಡುಗನಿಗೆ ಕೊಟ್ಟರು. ಅವನ ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರು ಕೂಡಲೇ ಯಾವಾಗ ಬಿಟ್ಟೆ, ಡಾಕ್ಟರಿಗೆ ತೋರಿಸಿದೆಯಾ ಎಂದು ವಿಚಾರಿಸಿದರು. ಇಲ್ಲ ಎಂದ. ಇಬ್ಬರು ಎದ್ದು ರಿಕ್ಷಾ ಮಾಡಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವನ ಹೆಸರು, ಊರು, ಜಾತಿ ಯಾರೂ ಕೇಳಲಿಲ್ಲ. ಹೋಗುವಾಗ ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ತುಳುವಿನಲ್ಲಿ ಮಾತಾಡುತ್ತಿದ್ದ.